ಡಿಕ್ಕಿಯೊಳಗೆ ಉಳಿದ ಹಸಿರು

ಮಾನ್ಯರೇ,

ನನ್ನ ಕೈಬರಹ ಅಂದವಾಗಿಲ್ಲ. ಕಾಗುಣಿತದಲ್ಲಿಯೂ ಶಾಲೆಯ ಕಾಲದಿಂದಲೇ ಹಿಂದೆ. ಕಚೇರಿಯ ಪತ್ರಗಳನ್ನು ಬಿಟ್ಟು ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ಕಾರಣ, ಓದುವಾಗ ತಮಗಾಗುವ ತೊಂದರೆಗೆ ಮೊದಲೇ ಕ್ಷಮೆ ಕೋರುತ್ತೇನೆ.

ವಿಷಯ: ನಮ್ಮ ತಂದೆಯವರ ಅಂಬಾಸಿಡರ್ ಕಾರಿಗೆ ಬಣ್ಣ ಹೊಡೆಸಿದ ಬಗ್ಗೆ.

ನಾನು ಚಾಮರಾಜನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಹರದನಹಳ್ಳಿಯಲ್ಲಿ ತಂದೆ ತಾಯಿಯವರೊಂದಿಗೆ ವಾಸವಾಗಿದ್ದೇನೆ. ತಂದೆಯವರು ಟ್ಯಾಕ್ಸಿ ಓಡಿಸಿ ನಮ್ಮನ್ನು ಸಾಕಿದವರು. ಸದರಿ ಕಾರನ್ನು ಅವರು ಸರ್ಕಾರಿ ಹರಾಜಿನಲ್ಲಿ ಕೊಂಡಾಗ ಅದರ ಬಣ್ಣ ಬಿಳಿ. ಬಿಳಿ ಅಂಬಾಸಿಡರ್ ಎಂದರೆ ಆಗ ಸಾಹೇಬರ ಕಾರು. ಅದು ಊರೊಳಗೆ ಬಂದರೆ ಜಗಲಿಯ ಮೇಲಿದ್ದವರು ಎದ್ದು ನಿಲ್ಲುತ್ತಿದ್ದರಂತೆ. ಇಸ್ಪೀಟಾಡುತ್ತಿದ್ದವರು ಎಲೆ ಬಿಸಾಡಿ ಓಡುತ್ತಿದ್ದರಂತೆ. ಬಾಡಿಗೆಗೆ ಮಾತ್ರ ಯಾರೂ ಕೈ ಅಡ್ಡ ಹಾಕುತ್ತಿರಲಿಲ್ಲ. ಕೊನೆಗೆ ತಾಯಿಯವರು ಹಿತ್ತಲಲ್ಲಿ ಕೂತು, ಎರಡು ಡಬ್ಬದ ಬಣ್ಣಗಳನ್ನು ಕಲಸಿ, ಅರಿಶಿನದ ಹೊಲದ ಹಸಿರನ್ನು ಬರಿಸಿಕೊಟ್ಟರು. ತಂದೆಯವರು ಬ್ರಷ್ ಹಿಡಿದು ತಾವೇ ಬಳಿದರು. ಬ್ರಷ್ಷಿನ ಗೆರೆಗಳು ಬಾಗಿಲಿನ ಮೇಲೆ ಕಡೆಯವರೆಗೂ ಕಾಣುತ್ತಿದ್ದವು. ಅಂದಿನಿಂದ ಸಂತೆಮರಹಳ್ಳಿಯ ಸಂತೆಗೆ, ಹೆರಿಗೆಗೆ, ಗುಂಡ್ಲುಪೇಟೆ ಕಡೆಯ ಮದುವೆಗಳಿಗೆ ಜನ ಆ ಕಾರನ್ನೇ ನಿಲ್ಲಿಸಿದರು. ತಂದೆಯವರಿಗೆ ಹಸ್ರು ಕಾರಪ್ಪ ಎಂದೇ ಹೆಸರಾಯಿತು. ದಾರಿಯಲ್ಲಿ ಕೈ ಎತ್ತಿದವರನ್ನು ಅವರು ಬಿಟ್ಟು ಹೋದದ್ದಿಲ್ಲ.

ಎಂಜಿನ್ ಕೈಕೊಟ್ಟ ಮೇಲೆ ಕಾರು ಹೊಂಗೆಮರದ ಕೆಳಗೆ ಟಾರ್ಪಾಲು ಹೊದ್ದು ನಿಂತಿತ್ತು. ಈಚೆಗೆ ಅದನ್ನು ಸರಿಮಾಡಿಸಲು ನಾನೇ ಮುಂದಾದೆ. ಗುಂಡ್ಲುಪೇಟೆಯ ಶೆಡ್ಡಿಗೆ ಸಾಗಿಸುವ ದಿನ ತಂದೆಯವರು ಹೇಳಿದ್ದು ಇಷ್ಟೇ:

"ಹಸ್ರು ಮಾಸೋಗ್ಬುಟ್ಟದ ಕಣವ್ವ. ಅದ್ರ ಮ್ಯಾಲೇ ಇನ್ನೊಂದ್ ಕೈ ಹೊಡಿಸ್ಬುಡು. ರೋಡಲ್ಲಿ ಜನ ಗುರ್ತು ಹಿಡೀಬೇಕಲ್ಲ."

ಈ ಮಾತನ್ನು ನಾನು ಸ್ಪಷ್ಟವಾಗಿ ಕೇಳಿಸಿಕೊಂಡಿದ್ದೆನೆಂದು ಇಲ್ಲಿ ದಾಖಲಿಸುತ್ತೇನೆ.

ಶೆಡ್ಡಿನ ಪೇಂಟರು ಬಾಗಿಲಿನ ಮೂಲೆಯನ್ನು ಉಪ್ಪು ಕಾಗದದಿಂದ ಉಜ್ಜಿ ತೋರಿಸಿದರು. "ನೋಡಿ ಮೇಡಂ, ಒರಿಜಿನಲ್ ಇಲ್ಲೇ ಒಳಗೆ ಕೂತಿದೆ. ಇದನ್ನೇ ಮಾಡ್ಲಾ, ಕಸ್ಟಮ್ ಮಾಡ್ಲಾ? ಈಗ ಎಲ್ರೂ ಮೇಲೆ ಕಪ್ಪು, ಕೆಳಗೆ ದ್ರಾಕ್ಷಿ ಬಣ್ಣ ಹೊಡಿಸ್ತಾರೆ. ನಿಮಗೆ ಹಸಿರೇ ಬೇಕಂದ್ರೆ ಅದೂ ಕಸ್ಟಮ್ಮೇ."

ಆ ಬಿಳಿಯ ಚೂರನ್ನು ಕಂಡಾಗ ನನಗಾದುದನ್ನು ಮುಚ್ಚಿಡಲಾರೆ. ನಮ್ಮ ಕಚೇರಿಯ ಆವರಣಕ್ಕೆ ಬಿಳಿಯ ಕಾರು ಬಂತೆಂದರೆ ಕಡತವನ್ನು ಎದೆಗವಚಿಕೊಂಡು ಎದ್ದು ನಿಲ್ಲುವವರಲ್ಲಿ ನಾನೂ ಒಬ್ಬಳು. ಒಮ್ಮೆಯಾದರೂ ಅಂಥ ಕಾರಿನ ಹಿಂದಿನ ಸೀಟಿನಿಂದ ಅದೇ ಮೆಟ್ಟಿಲ ಮುಂದೆ ಇಳಿಯಬೇಕೆಂಬ ಆಸೆ ಆ ಕ್ಷಣದಲ್ಲಿ ಹುಟ್ಟಿತು.

"ಒರಿಜಿನಲ್ಲೇ ಇರಲಿ, ಪೂರ್ತಿ ಉಜ್ಜಿಸಿ," ಎಂದೆ. ಹಳೆಯ ಕಾರಿಗೆ ಕಂಪನಿಯ ಬಣ್ಣವೇ ಗೌರವ ಎಂಬ ಕಾರಣವನ್ನೂ ಕೊಟ್ಟೆ. ಆ ಕಾರಣ ಸುಳ್ಳಲ್ಲ. ಆದರೆ ಅದು ನನ್ನ ಕಾರಣವಾಗಿರಲಿಲ್ಲ.

"ಡಿಕ್ಕಿ ಮುಚ್ಚಳದ ಒಳಗಡೆನೂ ಹಸಿರಿದೆ, ಅದು?"

"ಅದನ್ನ ಯಾರು ನೋಡ್ತಾರೆ, ಬಿಡಿ."

ಕಾರು ಸಿದ್ಧವಾದ ದಿನ ತಂದೆಯವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನೊಡನೆ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಬಂದರು. ಕಾರನ್ನು ಕಂಡು ಅವರು ಬೇರೆ ಯಾರದೋ ಕಾರೆಂದು ದಾಟಿ ಮುಂದೆ ಹೋದರು. ನಾನು ಕರೆದ ಮೇಲೆ ಹಿಂದಿರುಗಿ, ಒಂದು ಸುತ್ತು ಬಂದು, ಬಾಗಿಲಿನ ಮೇಲೆ ಅಂಗೈ ಸವರಿದರು. ಗೆರೆಗಳಿರಲಿಲ್ಲ.

"ನಾನು ಕೈ ಕಟ್ಕಂಡು ನಿಂತ್ಕಬೇಕೇನವ್ವ, ಇಲ್ಲಾ ಒಳೀಕ್ ಕೂತ್ಕಬೌದಾ?"

ಪೇಂಟರು ನಕ್ಕರು. ನಾನೂ ನಕ್ಕೆ. ತಂದೆಯವರು ಮಾತ್ರ ನಗಲಿಲ್ಲ.

ತೆರಕಣಾಂಬಿ ದಾಟಿದ ಮೇಲೆ ಒಂದು ನಿಲ್ದಾಣದಲ್ಲಿ ವಯಸ್ಸಾದ ಹೆಂಗಸೊಬ್ಬರು ವೀಳ್ಯದೆಲೆಯ ಬುಟ್ಟಿಯೊಂದಿಗೆ ಬಸ್ಸಿಗೆ ಕಾಯುತ್ತಾ ಕುಳಿತಿದ್ದರು. ತಂದೆಯವರು ದೂರದಿಂದಲೇ ವೇಗ ತಗ್ಗಿಸಿದರು. ಅವರ ಕಣ್ಣು ಆ ಹೆಂಗಸಿನ ಕೈಯ ಮೇಲಿದ್ದುದನ್ನು ನಾನು ಹಿಂದಿನ ಸೀಟಿನಿಂದ ಕನ್ನಡಿಯಲ್ಲಿ ನೋಡಿದೆ. ಕೈ ಮೇಲೇಳಲಿಲ್ಲ. ಕಾರು ನಿಂತೊಡನೆ ಆಕೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬುಟ್ಟಿಯನ್ನು ಹಿಂದಕ್ಕೆ ಸರಿಸಿ ಎದ್ದು ನಿಂತರು.

"ಬಸ್ಗೆ ಕಾಯ್ತಾವ್ನಿ ಬುದ್ದಿ, ಇನ್ನೇನಿಲ್ಲ."

"ನಾನು ಕಣವ್ವ, ಹರದನಹಳ್ಳಿ ಹಸ್ರು ಕಾರ್ನೋನು. ನಿನ್ ಮಗಳ ಹೆರಿಗೇಗೆ ಕರ್ಕೊಂಡೋಗಿರ್ನಿಲ್ವಾ?"

ಆಕೆ ಬಗ್ಗಿ ತಂದೆಯವರ ಮುಖವನ್ನು ನೋಡಿದರು. ಅನಂತರ ಕಾರಿನ ಹಿಂದೆ ಮುಂದೆ ದಾರಿಯುದ್ದಕ್ಕೂ ನೋಡಿದರು.

"ಅಯ್ಯೋ ನನ್ನಪ್ಪ, ನೀನಾ! ಕಾರೆಲ್ಲಿ ಮಡಗ್ಬುಟ್ಟೆ?"

ತಂದೆಯವರು ಇಳಿದು, ಬುಟ್ಟಿ ಇಡಲೆಂದು ಡಿಕ್ಕಿಯನ್ನು ಎತ್ತಿದರು. ಮುಚ್ಚಳದ ಒಳಮೈ ಹಾಗೆಯೇ ಇತ್ತು: ಅದೇ ಹಸಿರು, ಅದೇ ಗೆರೆಗಳು. ಬುಟ್ಟಿ ಒಳಗೆ ಸೇರಿದ ಮೇಲೂ ಅವರು ಅದನ್ನು ಮುಚ್ಚಲಿಲ್ಲ. ಆಕೆ ಮುಚ್ಚಳವನ್ನು ಎಮ್ಮೆಯ ಬೆನ್ನು ತಟ್ಟುವಂತೆ ತಟ್ಟಿ, "ಇಲ್ಲೇ ಅದೆಯಲ್ಲ!" ಎಂದರು. ನಾನು ಇಳಿದು ಆಕೆಗೆ ಹಿಂದಿನ ಸೀಟನ್ನು ಬಿಟ್ಟುಕೊಟ್ಟು ಮುಂದೆ ಕುಳಿತೆ. ಚಾಮರಾಜನಗರ ಬರುವವರೆಗೂ ತಂದೆಯವರ ಕಡೆಗೆ ತಿರುಗಲಿಲ್ಲ.

ಮನೆಯಲ್ಲಿ ತಾಯಿಯವರು ಕಾರನ್ನು ನೋಡಿ, "ಓದ್ದೋಳು ಅಂತ ಕೈಗ್ ಕೊಟ್ರೆ ಹಿಂಗಾ ಮಾಡ್ಬುಡೋದು? ತಗಂಡೋಗಿ ನಿನ್ ಆಫೀಸ್ ಬಾಗ್ಲಲ್ಲಿ ನಿಲ್ಸ್ಕೊ ಕಣಮ್ಮಿ," ಎಂದರು. ನನ್ನ ಮನಸ್ಸಿನಲ್ಲಿದ್ದುದನ್ನು ಅವರು ತಿಳಿದು ಹೇಳಿದರೋ, ತಿಳಿಯದೆ ಹೇಳಿದರೋ, ಕೇಳುವ ಧೈರ್ಯ ಬರಲಿಲ್ಲ. ಕಚೇರಿಗೆ ಈಗಲೂ ಬಸ್ಸಿನಲ್ಲಿಯೇ ಹೋಗುತ್ತಿದ್ದೇನೆ.

ಮತ್ತೆ ಹಸಿರು ಮಾಡಿಸಲು ಪ್ರಯತ್ನಿಸಲಿಲ್ಲವೆಂದು ತಾವು ಭಾವಿಸಬಾರದು. ಬಣ್ಣದ ಅಂಗಡಿಯವರು ಡಿಕ್ಕಿಯನ್ನು ನೋಡಿಕೊಂಡು ಹಲವು ಬಗೆ ಕಲಸಿ ಕೊಟ್ಟರು. ತಾಯಿಯವರು ಒಂದನ್ನು ಪಾಚಿ ಎಂದರು, ಇನ್ನೊಂದನ್ನು ಆಸ್ಪತ್ರೆಯ ಪರದೆ ಎಂದರು. ಅಳತೆ ಕೇಳಿದರೆ, "ಕಣ್ಣಂದಾಜಲ್ಲಿ ಕಲಸಿದ್ದು ಕಣೆ, ಈಗ ಆ ಕಣ್ಣೆಲ್ಲಿ ತರ್ಲಿ?" ಎಂದುಬಿಟ್ಟರು.

"ಬುಡವ್ವ," ಎಂದರು ತಂದೆಯವರು. "ಸುಳ್ ಹಸ್ರಿಗಿಂತ ಬಿಳೀದೇ ವಾಸಿ."

ಈಗ ಸಂತೆಯ ದಿನ ಅವರು ಸಂತೆಮರಹಳ್ಳಿಯಲ್ಲಿ ಕಾರನ್ನು ಜನರ ಕಡೆಗೆ ಬೆನ್ನು ಮಾಡಿ ನಿಲ್ಲಿಸುತ್ತಾರೆ. ಡಿಕ್ಕಿಯ ಮುಚ್ಚಳವನ್ನು ಎತ್ತಿ, ಕೋಲು ಕೊಟ್ಟು, ಪಕ್ಕದಲ್ಲಿ ನಿಲ್ಲುತ್ತಾರೆ. ಗೊತ್ತಿದ್ದವರು ಹಸಿರನ್ನು ಕಂಡು ಬರುತ್ತಾರೆ. ಉಳಿದವರು ಸಾಹೇಬರ ಕಾರೆಂದು ಸುತ್ತಿ ಬಳಸಿ ಹೋಗುತ್ತಾರೆ. ರಜೆಯಿದ್ದರೆ ನಾನೂ ಹೋಗಿ, ಬಿಸಿಲಿಗೆ ಆ ಹಸಿರು ಮಾಸದಿರಲೆಂದು, ಹೊರಡುವವರೆಗೆ ಮುಚ್ಚಳಕ್ಕೆ ಕೊಡೆ ಹಿಡಿಯುತ್ತೇನೆ. ತಂದೆಯವರು ಬೇಡ ಎನ್ನುವುದಿಲ್ಲ.

ಈ ಬರಹದಲ್ಲಿ ಅಕ್ಷರ ತಪ್ಪಿದ್ದರೆ, ಮಾತು ಅತಿಯಾಗಿದ್ದರೆ, ತಾವು ನಿಸ್ಸಂಕೋಚವಾಗಿ ಗುರುತು ಹಾಕಿ ತಿದ್ದಬೇಕೆಂದು ಕೈಮುಗಿದು ಕೋರುತ್ತೇನೆ.

ತಮ್ಮ ವಿಧೇಯಳು