ಸೋಮವಾರ ಬಿಟ್ಟು ಆರು ದಿನ

ನನ್ನ ಗಡ್ಡದ ಕೆಲಸಕ್ಕೆ ಈಗ ಇಪ್ಪತ್ತು ನಿಮಿಷ ಬೇಕು. ಮೊದಲು ಎರಡೇ ನಿಮಿಷ ಸಾಕಿತ್ತು. ಐದು ಬ್ಲೇಡಿನ ಕಾರ್ಟ್ರಿಜ್ ರೇಜರನ್ನು ಮುಖದ ಮೇಲೆ ಪರಪರ ಎಳೆದುಕೊಂಡು ತಿಪಟೂರಿನ ಕೊಬ್ಬರಿ ಮಂಡಿಗೆ ಓಡುತ್ತಿದ್ದವನು ನಾನು. ಈಗ ಬ್ರಷ್ಷಿನಲ್ಲಿ ನೊರೆ ಎಬ್ಬಿಸಿ, ತಿರುಪು ಬಿಚ್ಚಿ ಒಂದೇ ಬ್ಲೇಡು ಹಾಕುವ ಹಳೆಯ ಸೇಫ್ಟಿ ರೇಜರ್ ಹಿಡಿಯುತ್ತೇನೆ. ನುಣ್ಣಗಿನ ಕೆನ್ನೆ ನೋಡಿ ಮಂಡಿಯ ಗೆಳೆಯರು, "ಏನ್ಲಾ, ಈ ವಯಸ್ಸಲ್ಲಿ ಮದ್ವೆ ಗಂಡು ಆಗ್ಬುಟ್ಯಾ?" ಎಂದು ಕಾಲೆಳೆಯುತ್ತಾರೆ. ನಾನೂ ನಗುತ್ತೇನೆ. ಆ ರೇಜರ್ ವರ್ಷದ ಹಿಂದೆ ತೀರಿಕೊಂಡ ಅಣ್ಣನದು ಎಂದು ಅವರ ಹತ್ತಿರ ಹೇಳಲು ಮನಸ್ಸಾಗುವುದಿಲ್ಲ.

ಅಣ್ಣ ನನಗಿಂತ ಹದಿನಾಲ್ಕು ವರ್ಷ ದೊಡ್ಡವನು. ಅಪ್ಪ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಸಾಕಿದವನು ಅವನೇ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಕರಟ ಬಿಟ್ಟಿದೆಯೋ ಇಲ್ಲವೋ ಹೇಳುವುದನ್ನು ಕಲಿಸಿದವನೂ ಅವನೇ. ಅಂಥವನಿಗೆ ಒಂದು ದಿನ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ನಿಂತಿತು.

ಗಡ್ಡ ಹೆರೆಯದೆ ಕಾಫಿ ಮುಟ್ಟದ ಮನುಷ್ಯ ಅವನು. ನಮ್ಮ ಮನೆಯಲ್ಲಿ ಸೋಮವಾರ ಮಾತ್ರ ಯಾರೂ ಗಡ್ಡ ತೆಗೆಯುವುದಿಲ್ಲ, ಅದು ಶಿವನ ವಾರ. ಉಳಿದ ಆರು ದಿನ ಅಣ್ಣನ ಗಡ್ಡ ನನ್ನ ಪಾಲಿಗಿರಲಿ ಎಂದು ಅತ್ತಿಗೆಗೆ ಹೇಳಿದೆ. ಅವನ ಹಳೆಯ ರೇಜರ್ ಗೂಡಿನಲ್ಲೇ ಇತ್ತು. ಇನ್ನೊಬ್ಬರ ಮುಖಕ್ಕೆ ಅದನ್ನು ಹಿಡಿದರೆ ಕುಯ್ದೇಬಿಡುತ್ತದೆ ಎಂದು ನಾನೇ ಬೇಡವೆಂದೆ. ನನ್ನಂಥದೇ ಒಂದು ಹೊಸ ಕಾರ್ಟ್ರಿಜ್ ರೇಜರ್ ತಂದೆ. ಅದರ ಬ್ಲೇಡುಗಳನ್ನು ಬೇಗ ಬದಲಿಸುವ ಅಭ್ಯಾಸ ನನಗೆ ಮೊದಲಿಂದಲೂ ಇರಲಿಲ್ಲ.

ಗಡ್ಡ ಮಾಡುವಾಗ ಅಣ್ಣನ ಕಣ್ಣಲ್ಲಿ ನೀರು ಬರುತ್ತಿತ್ತು. ಲಕ್ವ ಹೊಡೆದವರು ಸುಮ್ಮಸುಮ್ಮನೆ ಅಳುತ್ತಾರೆ ಎಂದು ನೋಡಲು ಬಂದವರೆಲ್ಲ ಹೇಳಿದ್ದರು. ತಮ್ಮನ ಕೈಲಿ ಗಡ್ಡ ಮಾಡಿಸಿಕೊಳ್ಳುವ ಸ್ಥಿತಿ ಬಂತಲ್ಲ ಎಂಬ ಸಂಕಟವೂ ಇರಬಹುದು ಎಂದುಕೊಂಡೆ. ಎಡಗೈಯಲ್ಲಿ ಮಂಚದ ಪಟ್ಟಿಯನ್ನು ಬಿಗಿಯಾಗಿ ಹಿಡಿಯುತ್ತಿದ್ದ. "ಅಲ್ಲಾಡಬ್ಯಾಡ, ಕುಯ್ದೋಯ್ತದೆ" ಎಂದು ಗದರುತ್ತಿದ್ದೆ. ಮಂಡಿಗೆ ಹೊತ್ತಾಗುತ್ತಿತ್ತು ನನಗೆ.

ಸೋಮವಾರ ಮಾತ್ರ ಅಣ್ಣ ಗೆಲುವಾಗಿರುತ್ತಿದ್ದ. ಅಂಗಳದಲ್ಲಿ ಕೂರಿಸಿದರೆ ಕೊಬ್ಬರಿ ಒಡೆಯುವವರನ್ನು ನೋಡುತ್ತಾ ಎರಡು ಇಡ್ಲಿ ಹೆಚ್ಚಿಗೆ ತಿನ್ನುತ್ತಿದ್ದ. ಶಿವನ ವಾರ, ಶಿವನೇ ಅಣ್ಣನನ್ನು ಕಾಯುತ್ತಿದ್ದಾನೆ ಎಂದು ನಾನು ಆ ದಿನ ದೇವರ ಮುಂದೆ ಇನ್ನೊಂದು ದೀಪ ಹೆಚ್ಚಿಗೆ ಹಚ್ಚುತ್ತಿದ್ದೆ. ಮಂಗಳವಾರ ಬಂತೆಂದರೆ ಟವೆಲು ಕಂಡ ಕೂಡಲೇ ಗೋಡೆಯ ಕಡೆ ತಿರುಗುತ್ತಿದ್ದ. ಹೀಗೆ ನಾಲ್ಕು ತಿಂಗಳು.

ಒಂದು ಮಂಗಳವಾರ ಅತ್ತಿಗೆ ಬಿಸಿನೀರಿನ ಚೊಂಬು ಹಿಡಿದು ನಿಂತವರು, "ಸೋಮವಾರ ನಿಮ್ಮಣ್ಣ ಅಳಲ್ಲ ಕಣಪ್ಪ" ಎಂದರು.

"ಶಿವನ ವಾರ ಅಲ್ವಾ ಅತ್ತಿಗೆ."

"ಶಿವನ ವಾರ ಅಂತಲ್ಲ. ಅವತ್ತು ನೀನು ಗಡ್ಡ ಮಾಡಲ್ಲ, ಅದಕ್ಕೆ."

ಎಷ್ಟು ದಿನದಿಂದ ಅದನ್ನು ನುಂಗಿಕೊಂಡಿದ್ದರೋ. ನನ್ನ ಸಿಟ್ಟು ಅವರಿಗೆ ಗೊತ್ತಿತ್ತು. ಆ ರೇಜರನ್ನು ನನ್ನ ಕುತ್ತಿಗೆಯ ಮೇಲೇ ಒಂದು ಸಲ ನಿಧಾನವಾಗಿ ಎಳೆದುಕೊಂಡೆ. ಮೊಂಡಾದ ಬ್ಲೇಡು ಕೂದಲು ಕತ್ತರಿಸಲಿಲ್ಲ, ಕಿತ್ತಿತು. ಸಾವಿರಾರು ಕಾಯಿಯ ಒಳಗೇನಿದೆ ಎಂದು ಕಿವಿಗಿಟ್ಟು ಹೇಳುವವನಿಗೆ ಎದುರು ಕೂತ ಅಣ್ಣನಿಗೆ ನೋಯುತ್ತಿದೆ ಎಂದು ತಿಳಿಯಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅತ್ತಿಗೆ ಗೂಡಿನಿಂದ ಹಳೆಯ ರೇಜರ್ ತಂದುಕೊಟ್ಟರು. ಹೊಸ ಬ್ಲೇಡು ಹಾಕಿ ಕೆನ್ನೆಗಿಟ್ಟೆ. ಅಭ್ಯಾಸಬಲ, ಅದನ್ನೂ ಒತ್ತಿದೆ. ಅಣ್ಣನ ಎಡಗೈ ಬಂದು ನನ್ನ ಮಣಿಕಟ್ಟು ಹಿಡಿದು ಸ್ವಲ್ಪ ಮೇಲಕ್ಕೆತ್ತಿತು. ನಾನು ಮೊದಮೊದಲು ಕರಟ ಒಡೆಯಲು ಕೂತಾಗ ಏಟು ಜೋರಾಗಿ ಕೊಬ್ಬರಿ ಹೋಳಾದರೆ, "ಮಚ್ಚಿನ ಭಾರ ಸಾಕು ಕಣ್ಲಾ, ನಿನ್ ಸಿಟ್ಟು ಬ್ಯಾಡ" ಎನ್ನುತ್ತಿದ್ದ. ಈಗ ಹೇಳಲು ಮಾತಿಲ್ಲ, ಕೈ ಬಿಡಲೂ ಇಲ್ಲ. ಗದ್ದದ ಕೆಳಗಿನವರೆಗೂ ಹಾಗೇ ಹಿಡಿದುಕೊಂಡು ನನ್ನ ಕೈಯನ್ನು ನಡೆಸಿದ. ಮುಗಿದಾಗ ಅವನ ಕಣ್ಣುಗಳು ಒಣಗಿದ್ದವು.

"ಇಷ್ಟು ದಿನಾನೂ ನೋಯ್ತಿತ್ತಾ ಅಣ್ಣ?" ಎಂದು ಕೇಳಿದೆ.

ಅಣ್ಣ ನನ್ನನ್ನೇ ನೋಡಿದ. ಆಮೇಲೆ ನಿಧಾನವಾಗಿ, ಇಲ್ಲ ಎಂದು ತಲೆಯಾಡಿಸಿದ. ನಾನು ನೊಂದುಕೊಳ್ಳದಿರಲಿ ಎಂದು ಹೇಳಿದ ಸುಳ್ಳು ಅದು. ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಗಳಗಳನೆ ಅತ್ತುಬಿಟ್ಟೆ.

ಅವತ್ತು ಮಂಡಿಗೆ ಹೋಗಲಿಲ್ಲ. ಎರಡು ವಾರ ಕಳೆದ ಮೇಲೆ ಅಣ್ಣ ಹೋದ. ನಾಲ್ಕು ತಿಂಗಳು ನೋಯಿಸಿದವನಿಗೆ, ನೋಯಿಸದೆ ಅವನ ಗಡ್ಡ ಹೆರೆಯಲು ಸಿಕ್ಕಿದ್ದು ಆ ಎರಡೇ ವಾರ.