ಶಾಂತಕ್ಕನ ಕೈ ತಪ್ಪಿರಲಿಲ್ಲ

ಶಾಂತಕ್ಕಾ, ಬದುಕಿದ್ದವರನ್ನು ಸತ್ತವರೆಂದು ಗುರುತು ಹಾಕಿದ್ದು ನೀವಲ್ಲ — ನಾನು. ನಿಮ್ಮ ಕೈ ತಪ್ಪಿರಲಿಲ್ಲ, ಕಣ್ಣೂ ಮೋಸ ಮಾಡಿರಲಿಲ್ಲ. ಇದು ನನಗೆ ಆಗಲೇ ಗೊತ್ತಿತ್ತು. ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ನಾಗಪುರದ ನಮ್ಮ ಪಿಂಚಣಿ ಕಚೇರಿಯಲ್ಲಿ ಕನ್ನಡ ಮಾತಾಡುತ್ತಿದ್ದವರು ನಾವಿಬ್ಬರೇ. ನೀವು ಗದಗಿನ ಕಡೆಯವರು, ಇನ್ನೇನು ಬಡ್ತಿ ಸಿಗಲಿದ್ದ ಹಿರಿಯ ಗುಮಾಸ್ತೆ. ನಾನು ವಿಜಾಪುರದಿಂದ ಬಂದು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ, ಇನ್ನೂ ಕಾಯಂ ಆಗದ ನೌಕರ. ನಿಮ್ಮ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ನನ್ನದೇ ಆಗಿರುತ್ತಿತ್ತು.

ನವೆಂಬರ್ ಬಂತೆಂದರೆ ನಿವೃತ್ತರೆಲ್ಲ ಬಂದು, ತಾವು ಬದುಕಿದ್ದೇವೆಂದು ಸಹಿ ಹಾಕಿ ಹೋಗುತ್ತಿದ್ದರು. ಕಂಪ್ಯೂಟರಿನಲ್ಲಿ ಅವರ ಹೆಸರು ಒಂದೊಂದಾಗಿ ತೆರೆದು, 'ಜೀವಂತ' ಎಂಬಲ್ಲಿ ಒತ್ತುತ್ತಾ ಹೋಗುವುದು ನಿಮ್ಮ ಕೆಲಸ. ಒತ್ತಿ ಒತ್ತಿ ನಿಮ್ಮ ಮಣಿಕಟ್ಟು ಊದಿಕೊಂಡಿತ್ತು. ನಾನು ಜಂಬದಿಂದ ಒಂದು ಮ್ಯಾಕ್ರೋ ಮಾಡಿದೆ — ಮೌಸ್ ಮುಟ್ಟದೆಯೇ ಪರದೆಯ ಮೇಲಿನ ಬಾಣ ತಾನಾಗಿ ಓಡಿ, ಹೇಳಿಕೊಟ್ಟ ಜಾಗದಲ್ಲಿ ಒತ್ತುವಂಥದ್ದು. ಹೊರಗಿನ ಇಂಥವನ್ನೆಲ್ಲ ಓಡಿಸುವುದು ಕಚೇರಿಯಲ್ಲಿ ನಿಷೇಧ. ಆದರೂ, "ನೀವು ಚಹಾ ಕುಡದು ಬರ್ರಿ ಅಕ್ಕಾ, ಜಲ್ದಿ ಮುಗಿಸಿಡ್ತೀನಿ" ಎಂದೆ.

ನನ್ನ ಕಂಪ್ಯೂಟರಿನಲ್ಲಿ ಬರೋಬರ್ ಓಡಿದ್ದು ನಿಮ್ಮದರಲ್ಲಿ ಓಡಲಿಲ್ಲ. ಬಾಣ ಹೋಗುತ್ತಿತ್ತು, ಒತ್ತುತ್ತಿತ್ತು — ವಿಂಡೋ ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅದು ತೆರೆಯುವ ಮೊದಲೇ ಒತ್ತುತ್ತಿದೆಯೇನೋ ಎಂದು ನಡುವೆ ಬಿಡುವು ಸೇರಿಸಿದೆ. ಬೇರೊಂದು ವಿಂಡೋ ಅಡ್ಡ ಬಂದಿದೆಯೇನೋ ಎಂದು ಉಳಿದದ್ದನ್ನೆಲ್ಲ ಮುಚ್ಚಿದೆ. ಊಹುಂ. ಕೊನೆಗೆ ಹೊಳೆಯಿತು: ಕಣ್ಣಿಗೆ ಕಷ್ಟವೆಂದು ನೀವು ಪರದೆಯ ಅಕ್ಷರಗಳನ್ನು ದೊಡ್ಡದು ಮಾಡಿಸಿಕೊಂಡಿದ್ದಿರಿ. ಗುಂಡಿಗಳೆಲ್ಲ ಕೆಳಗೆ ಸರಿದಿದ್ದವು. ಬಾಣ ಖಾಲಿ ಜಾಗವನ್ನು ಒತ್ತುತ್ತಿತ್ತು.

ಜಾಗಗಳನ್ನು ಒಂದೊಂದಾಗಿ ಹೊಸದಾಗಿ ಹೇಳಿಕೊಡಬೇಕಿತ್ತು. ನನಗೆ ಅವಸರ — ಸೀತಾಬರ್ಡಿ ಪೇಟೆಯಲ್ಲಿ ಗೆಳೆಯರು ಕಾಯುತ್ತಿದ್ದರು. ಎಲ್ಲವನ್ನೂ ಕಣ್ಣಳತೆಯಲ್ಲೇ ಒಂದಿಷ್ಟು ಕೆಳಗಿಳಿಸಿದೆ. ವಿಂಡೋ ಮುಂದಿನ ಹೆಸರಿಗೆ ಹೋಯಿತು, ನನಗಷ್ಟೇ ಸಾಕಾಗಿತ್ತು. ಯಾವ ಗುರುತು ಬಿತ್ತೆಂದು ನೋಡಲಿಲ್ಲ — 'ಜೀವಂತ'ದ ಕೆಳಗೇ 'ಮೃತ' ಇತ್ತು. ಬಾಣ ಓಡುತ್ತಿರುವಾಗಲೇ ಎದ್ದು ಹೋದೆ.

ಮುಂದಿನ ತಿಂಗಳು ಪಿಂಚಣಿ ಬರದೆ ಮುದುಕರೆಲ್ಲ ನಿಮ್ಮ ಕಿಟಕಿಯ ಮುಂದೆ ನಿಂತರು. "ಬಾಯೀ, ಮೀ ಜಿವಂತ್ ಆಹೆ!" — ನಾನು ಬದುಕಿದ್ದೇನೆ — ಎಂದು ಒಬ್ಬರು ಮರಾಠಿಯಲ್ಲಿ ಕೂಗಿ, ಎದೆ ಬಡಿದುಕೊಂಡು ತೋರಿಸಿದರು. ಅವರ ಕೈ ಹಿಡಿದುಕೊಂಡು ನೀವು ಅತ್ತಿರಿ.

ಆ ಸಂಜೆ ಮ್ಯಾಕ್ರೋವನ್ನು ತೆರೆದು ನೋಡಿದೆ, ಬಾಣ 'ಮೃತ'ವನ್ನೇ ಒತ್ತುತ್ತಾ ಹೋಗಿತ್ತೆಂದು ತಿಳಿಯಿತು. ತಿಳಿದ ಮೇಲೆ ಅಳಿಸಿಬಿಟ್ಟೆ. ಆಗಲೇ ನೀವು ಬಂದು ಕೇಳಿದ್ದು: "ತಮ್ಮಾ, ನಿನ್ನ ಆ ಮಷೀನ್ ಏನರ ಗಡಬಡ ಮಾಡಿತೇನೋ?"

"ಮಷೀನ್ ತಪ್ಪು ಮಾಡಂಗಿಲ್ಲಕ್ಕಾ. ಆಮ್ಯಾಲೆ ನೀವೇ ಏನರ ಒತ್ತಿರಬೇಕು."

ನೀವು ನಂಬಿದಿರಿ. ಅಯ್ಯೋ, ನಂಬಿಬಿಟ್ಟಿರಿ! ಮ್ಯಾಕ್ರೋ ಹೆಸರೆತ್ತಿದರೆ ನನ್ನ ಕೆಲಸ ಹೋಗುತ್ತದೆಂದು ವಿಚಾರಣೆಯಲ್ಲಿ ಅದನ್ನೂ ನುಂಗಿಕೊಂಡು, "ನಂದೇ ಕೈತಪ್ಪು" ಎಂದು ನಿಮ್ಮ ಮೇಲೆ ಹಾಕಿಕೊಂಡಿರಿ. ಬಡ್ತಿ ಹೋಯಿತು. ದಾಖಲೆ ಕೋಣೆಯ ಧೂಳಿಗೆ ಹಾಕಿದರು. ಹಿಂದಿನಿಂದ ನಿಮ್ಮನ್ನು 'ಯಮರಾಜ್ ಬಾಯಿ' ಎಂದು ಆಡಿಕೊಂಡವರ ಜೊತೆ — ಹೇಳಲೇಬೇಕು — ನಾನೂ ಹಲ್ಲು ಕಿರಿದಿದ್ದೇನೆ. ಆ ವರ್ಷವೇ ನಾನು ಕಾಯಂ ಆದೆ. ಪೇಢೆ ಹಂಚಿದೆ. ಮೊದಲನೆಯದನ್ನು ನಿಮಗೇ ಕೊಟ್ಟೆ, ನಾಚಿಕೆಗೆಟ್ಟವನು.

ಆಮೇಲೆ ನೀವು ಕನ್ನಡಕ ಬದಲಿಸಿದಿರಿ, ಮತ್ತೆ ಬದಲಿಸಿದಿರಿ. ಮನೆಗೆ ಬೀಗ ಹಾಕಿ, ರಸ್ತೆಯವರೆಗೆ ಹೋಗಿ, ವಾಪಸು ಬಂದು ಜಗ್ಗಿ ನೋಡುತ್ತೀರಿ. ಮೊನ್ನೆ ನಿಮ್ಮ ಮೊಮ್ಮಗಳು ಫೋನ್ ಕೈಗೆ ಕೊಡಲು ಬಂದರೆ, "ಬ್ಯಾಡವಾ, ನಾ ಒತ್ತಿದ್ರ ಏನರ ಕೆಟ್ಟೀತು" ಎಂದು ಕೈ ಹಿಂದಕ್ಕೆಳೆದುಕೊಂಡಿರಿ. ನಾನು ಅಲ್ಲೇ ಕೂತು ನಿಮ್ಮ ಮನೆಯ ಚಹಾ ಕುಡಿಯುತ್ತಿದ್ದೆ.

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಕಚೇರಿಗೂ ಇದೆಲ್ಲವನ್ನೂ ಬರೆದುಕೊಟ್ಟಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ. ನಿಮ್ಮ ಮನೆಯಲ್ಲಿ ಬೇರೆ ಯಾರಿಗೂ ಕನ್ನಡ ಓದಲು ಬಾರದು, ನೀವೇ ಓದಬೇಕು — ಅದಕ್ಕೇ ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಭಾನುವಾರ ನಾನೇ ತಂದು ನಿಮ್ಮ ಕೈಗೆ ಕೊಟ್ಟು, ಎದುರಿಗೆ ಕೂರುತ್ತೇನೆ. ನೀವು ಓದಿ ಮುಗಿಸುವವರೆಗೆ ಎದ್ದು ಹೋಗುವುದಿಲ್ಲ.