ಢೀಲಪ್ಪನ ಚಹಾ

ಹೋದ ವರ್ಷ ದೀಪಾವಳಿ ಮುಗಿದು ಎರಡು ವಾರವಾಗಿತ್ತು. ಆ ಶನಿವಾರ ಸಂಜೆ ನಾನೂ ನನ್ನ ಅಣ್ಣನೂ ಪುಣೆಯ ಧನಕವಡಿಯ ನಮ್ಮ ಮನೆಯಲ್ಲಿ ಟಿ.ವಿ. ಮುಂದೆ ಕುಳಿತು ವಿಡಿಯೊ ಗೇಮ್ ಆಡುತ್ತಿದ್ದೆವು. ಅಣ್ಣನಿಗೆ ಅರವತ್ತೊಂದು, ನನಗೆ ಐವತ್ತನಾಲ್ಕು. ನಮ್ಮ ಮನೆ ಮೊದಲಿನಂತೆ ಇದ್ದ ಕೊನೆಯ ದಿನ ಅದು.

ನಾವು ಬೈಲಹೊಂಗಲ ಕಡೆಯವರು. ಅಣ್ಣ ಪುಣೆಗೆ ಬಂದು ಗಡಿಯಾರ ರಿಪೇರಿಯ ಅಂಗಡಿ ಹಾಕಿದ. ಆಮೇಲೆ ನನ್ನನ್ನೂ ಕರೆಸಿಕೊಂಡು ಓದಿಸಿದ. ನಾನು ಒಂದು ಕಾಲೇಜಿನ ಆಫೀಸಿನಲ್ಲಿ ಕ್ಲಾರ್ಕ್. ಮದುವೆಯಾಗಲಿಲ್ಲ. ಅಣ್ಣ ಮತ್ತು ವೈನಿಯವರ ಜೊತೆಯಲ್ಲೇ ಇದ್ದೇನೆ. ಅತ್ತಿಗೆಗೆ ನಮ್ಮ ಕಡೆ ವೈನಿ ಎನ್ನುತ್ತಾರೆ.

ಅಣ್ಣನ ಮಗಳು ಸ್ವಾತಿ, ಮದುವೆಯಾಗಿ ಊರಿನ ಇನ್ನೊಂದು ತುದಿಯ ವಾಕಡಕ್ಕೆ ಹೋದ ಮೇಲೆ ನಮಗೆ ಬೇಸರವಾಗಬಾರದೆಂದು ಈ ಆಟವನ್ನು ತಂದು ಹಾಕಿಕೊಟ್ಟಿದ್ದಳು. ಅದರಲ್ಲಿ ಒಬ್ಬ ದಪ್ಪನೆಯ ಮನುಷ್ಯ ಬೀಗರಿಗೆ ಚಹಾ ಕೊಡಬೇಕು, ಅಷ್ಟೇ. ಆದರೆ ಅವನ ಎಡಗೈ ಆಡಿಸಲು ನಾವು ಒತ್ತುವ ಗುಂಡಿ ಒಂದು, ಬಲಗೈಗೆ ಇನ್ನೊಂದು, ಕಾಲುಗಳಿಗೆ ಬೇರೆ. ಕಪ್ಪು ಹಿಡಿಯಲು ಹೋದರೆ ಕಿಟಲಿ ಬೀಳುತ್ತದೆ, ಕಿಟಲಿ ಹಿಡಿಯಲು ಹೋದರೆ ಅವನೇ ಬೀಗರ ಮೇಲೆ ಬೀಳುತ್ತಾನೆ. ಆಟ ಮಾಡಿದವರು ಬೇಕೆಂದೇ ಹಾಗೆ ಮಾಡಿದ್ದಾರಂತೆ. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟಿಯಲ್ಲಿ ಹಿಡಿದು ಕೂಡಿಸುವ ನನ್ನ ಅಣ್ಣನಿಗೆ ಒಂದು ಕಪ್ಪು ಎತ್ತಲು ಬರುತ್ತಿರಲಿಲ್ಲ.

"ಲೇ ಶ್ರೀಕ್ಯಾ, ಈ ಮಗನ ಕೈಯಾಗ ಎಲುಬೇ ಇಲ್ಲಲೇ! ಎಲ್ಲಾ ಢೀಲಾ!" ಎಂದು ಅಣ್ಣ ಮೊದಲ ದಿನವೇ ಕೂಗಿದ್ದ. ಢೀಲಾ ಎಂದರೆ ಸಡಿಲು. ಅಂದಿನಿಂದ ಆ ಮನುಷ್ಯನಿಗೆ ನಮ್ಮ ಮನೆಯಲ್ಲಿ ಢೀಲಪ್ಪ ಎಂದು ಹೆಸರಾಯಿತು.

ನಾವಿಬ್ಬರೂ ಒಂದು ಕರಾರು ಮಾಡಿಕೊಂಡಿದ್ದೆವು. ಶನಿವಾರ ಸೋತವನು ರವಿವಾರ ಬೆಳಿಗ್ಗೆ ಢೀಲಪ್ಪನಾಗಿ ಚಹಾ ತಂದುಕೊಡಬೇಕು. ಕೈ ಜೋತುಬಿಟ್ಟು, ಕಾಲು ಎಳೆದು, ಮಾತು ತೊದಲಿಸಿ. ಅಣ್ಣ ಇದನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದನೆಂದರೆ ವೈನಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಆ ಸಂಜೆಯೂ ಅವನೇ ಸೋತ. "ನಾಳೆ ಖರೇ ಕಪ್ಪ ಏನರ ಒಡದ್ರಿ ಅಂದ್ರ ನೋಡ್ರಿ, ಅಣ್ಣಾ ತಮ್ಮಾ ಇಬ್ಬರ್ನೂ ಹೊರಗ ಹಾಕ್ತೀನಿ," ಎಂದರು ವೈನಿ.

ಮರುದಿನ ವೈನಿ ಎಂಟು ಗಂಟೆಗೆ ಕಾಯಿಪಲ್ಯ ತರಲು ಹೋದರು. ನಾನು ಪೇಪರ್ ಓದುತ್ತಿದ್ದೆ. ಅಣ್ಣ ಅಡುಗೆಮನೆಯಿಂದ ಚಹಾ ಹಿಡಿದುಕೊಂಡು ಬಂದ. ಬಲಗಾಲು ಎಳೆಯುತ್ತಿದ್ದ. ಬಲಗೈ ಜೋತುಬಿದ್ದಿತ್ತು. ಎಡಗೈಯಲ್ಲಿದ್ದ ಕಪ್ಪು ವಾಲಿ ಚಹಾ ಎಲ್ಲ ನನ್ನ ಪೇಪರಿನ ಮೇಲೆ ಚೆಲ್ಲಿತು. ನಾನು ಚಪ್ಪಾಳೆ ತಟ್ಟಿದೆ.

"ಶಾಬಾಸ್ ಢೀಲಪ್ಪಾ! ಇವತ್ತ ಭಾಳ ಭಾರೀ ಮಾಡಾಕತ್ತಿ ನೋಡು!"

ಸ್ವಾತಿಗೆ ಕಳಿಸೋಣವೆಂದು ಮೊಬೈಲ್ ತೆಗೆದು ವಿಡಿಯೊ ಮಾಡತೊಡಗಿದೆ. ಅಣ್ಣ ಗೋಡೆ ಹಿಡಿದು ನಿಧಾನವಾಗಿ ಜಾರಿ ನೆಲದ ಮೇಲೆ ಕುಳಿತ. ನನ್ನನ್ನು ನೋಡಿ ಏನೋ ಹೇಳಿದ. ನಾಲಗೆ ಹೊರಳಲಿಲ್ಲ. ನಾನು ಅದೇ ತೊದಲನ್ನು ಅವನಿಗೆ ತಿರುಗಿಸಿ ಹೇಳಿ ನಕ್ಕೆ. ಅವನು ಮತ್ತೊಮ್ಮೆ ಹೇಳಿದ. ನಾನು ಮತ್ತೊಮ್ಮೆ ಅಣಕಿಸಿದೆ.

ಸಾಕೆನಿಸಿತು. "ಆತು ಏಳೋ ಅಣ್ಣಾ, ವೈನಿ ಬರೂದ್ರಾಗ ಚಾ ಒರಿಸಿಬಿಡು," ಎಂದು ಹೇಳಿ ಸ್ನಾನಕ್ಕೆ ಹೋದೆ. ರವಿವಾರ, ತಲೆಗೆ ಎಣ್ಣೆ ಹಚ್ಚಿಕೊಂಡು ನಿಧಾನವಾಗಿ ಸ್ನಾನ ಮಾಡುವ ರೂಢಿ. ಒಳಗೆ ಹಾಡು ಗುನುಗುತ್ತಿದ್ದೆ ಎಂಬುದೂ ನೆನಪಿದೆ.

ವೈನಿ ಚೀರಿದ್ದು ಕೇಳಿ ಒದ್ದೆ ಮೈಯಲ್ಲೇ ಹೊರಗೆ ಓಡಿ ಬಂದೆ. ಅಣ್ಣ ಅದೇ ಗೋಡೆಯ ಬುಡದಲ್ಲಿ ಒಂದು ಕಡೆಗೆ ಬಿದ್ದಿದ್ದ. ಬಾಯಿ ಸೊಟ್ಟಗಾಗಿತ್ತು, ಎಚ್ಚರವಿರಲಿಲ್ಲ. ಒಂಬತ್ತು ಗಂಟೆಯಾಗಿತ್ತು.

ಕೆಳಗಿನ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಹೋದೆವು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಹರೆಯದ ಡಾಕ್ಟರ್ ಒಬ್ಬರು ಮರಾಠಿಯಲ್ಲಿ, ಇದು ಎಷ್ಟು ಗಂಟೆಗೆ ಶುರುವಾಯಿತು, ಸರಿಯಾಗಿ ಹೇಳಿ, ಇಂಜೆಕ್ಷನ್ ಕೊಡುವುದು ಅದರ ಮೇಲಿದೆ ಎಂದು ಕೇಳಿದರು. ವೈನಿ ಅಳುತ್ತ, ಒಂಬತ್ತಕ್ಕೆ, ನಾನು ಮನೆಗೆ ಬಂದಾಗ, ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಡಾಕ್ಟರ್ ಹೊರಟಾಗ ಹಿಂದೆ ಓಡಿದೆ. ಒಂಬತ್ತಕ್ಕಲ್ಲ, ಅದಕ್ಕೂ ಮೊದಲೇ, ಎಂದೆ. ಮೊದಲೇ ಅಂದರೆ ಎಷ್ಟಕ್ಕೆ ಎಂದು ಕೇಳಿದರು. ಮೊಬೈಲ್ ತೆಗೆದು ಕೊಟ್ಟೆ. ವಿಡಿಯೊದ ಮೇಲೆ ಎಂಟು ಹತ್ತು ಎಂದು ಇತ್ತು. ಅವರು ಅದನ್ನು ಪೂರ್ತಿ ನೋಡಿದರು. ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ನಗು ಕೇಳಿಸಿತು, ಅಣಕ ಕೇಳಿಸಿತು. ಅಲ್ಲಿದ್ದ ನರ್ಸ್ ತಿರುಗಿ ನೋಡಿದಳು.

ಡಾಕ್ಟರ್ ಕಾಗದದ ಮೇಲೆ ಸಮಯ ತಿದ್ದಿದರು. ಮೊಬೈಲ್ ನನ್ನ ಕೈಗೆ ಕೊಡುತ್ತ, "ಸಾಂಗಿತಲಂತ ತೇ ಬರಂ ಕೇಲಂತ ಕಾಕಾ," ಎಂದರು. ಹೇಳಿದ್ದು ಒಳ್ಳೆಯದಾಯಿತು ಎಂದು. ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ. ನನ್ನ ಮುಖ ನೋಡದೆ ಒಳಗೆ ಹೋದರು.

ಇಂಜೆಕ್ಷನ್ ಕೊಡುವಷ್ಟು ಸಮಯ ಇನ್ನೂ ಇತ್ತಂತೆ. ಕೊಟ್ಟರು. ನಾನು ಮಾತ್ರ ಅಲ್ಲೇ ಕುಡಿಯುವ ನೀರಿನ ನಲ್ಲಿಯ ಹತ್ತಿರ ನಿಂತು ವಿಡಿಯೊ ಅಳಿಸಿದೆ. ಸ್ವಾತಿ ದಾರಿಯಲ್ಲಿದ್ದಳು. ಅವಳ ಕೈಗೆ ನನ್ನ ಮೊಬೈಲ್ ಸಿಗಬಹುದೆಂದು ಹೆದರಿದ್ದೆ. ಅಳಿಸಿದ್ದು ತಿಂಗಳವರೆಗೆ ಇನ್ನೊಂದು ಕಡೆ ಉಳಿದಿರುತ್ತದೆ ಎಂದು ಗೊತ್ತಿತ್ತು. ಹುಡುಕಿ ಅಲ್ಲಿಂದಲೂ ತೆಗೆದುಹಾಕಿದೆ.

ಅಣ್ಣನಿಗೆ ಎಚ್ಚರವಾಗಲೇ ಇಲ್ಲ. ಮೂರನೆಯ ದಿನ ಹೋದ. ಬೇಗ ತಂದಿದ್ದರೆ ಉಳಿಯುತ್ತಿದ್ದನೇ ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ.

ತಿಂಗಳ ಕಾರ್ಯವಾದ ಮೇಲೆ ಒಂದು ಮಧ್ಯಾಹ್ನ ವೈನಿ ಮೆಂತ್ಯದ ಸೊಪ್ಪು ಸೋಸುತ್ತ ಕುಳಿತಿದ್ದರು. ತಲೆ ಎತ್ತದೆ ಕೇಳಿದರು. "ಶ್ರೀಕಾಂತ, ಆವಾಗ ಮನ್ಯಾಗ ನೀ ಇದ್ದಿ. ಅವರು ಏನರ ಅಂದ್ರೇನು? ನನ್ನ ಹೆಸರರ ತಗದ್ರೇನು?"

ಇಲ್ಲ ಎನ್ನಬಹುದಿತ್ತು. ಆಗಲಿಲ್ಲ. ಅವರ ಎದುರು ನೆಲದ ಮೇಲೆ ಕುಳಿತು ಚಹಾ ಚೆಲ್ಲಿದ್ದು, ಚಪ್ಪಾಳೆ ತಟ್ಟಿದ್ದು, ವಿಡಿಯೊ ಮಾಡಿದ್ದು, ಅಣ್ಣ ಎರಡು ಸಲ ಏನೋ ಹೇಳಿದ್ದು, ನಾನು ಅಣಕಿಸಿದ್ದು, ಸ್ನಾನಕ್ಕೆ ಹೋದದ್ದು ಎಲ್ಲ ಹೇಳಿದೆ. ವೈನಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ನಾ ಇದ್ದಿದ್ರೂ ನಗತಿದ್ದೆ," ಎಂದರು. "ಶನಿವಾರ ಸೋತಿದ್ರಲ್ಲ ಅವರು." ಆಮೇಲೆ ಕೈ ಒರೆಸಿಕೊಂಡು, "ಎಲ್ಲಿ ಅದ ಆ ವಿಡಿಯೊ? ಕೊಡು ಇಲ್ಲೆ. ಅವರ ಮಾತು ನನಗ ತಿಳೀತದ," ಎಂದರು.

"ಅಳಿಸಿಬಿಟ್ಟೆ ವೈನಿ."

"ಅಳಿಸಿಬಿಟ್ಯಾ?"

ಮೊಬೈಲಿಗೆಂದು ಚಾಚಿದ್ದ ಕೈ ಹಿಂದೆ ತೆಗೆದುಕೊಂಡರು. "ನಕ್ಕಿದ್ದು ಇರಲಿ. ಅದನ್ನ ಅಳಸಬಾರದಿತ್ತಪಾ," ಎಂದು ಹೇಳಿ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ವಿಷಯ ತಿಳಿದು ಸ್ವಾತಿ, ವಿಡಿಯೊ ಮರಳಿ ಸಿಕ್ಕೀತೇ ಎಂದು, ನನ್ನ ಮೊಬೈಲನ್ನು ಎರಡು ಅಂಗಡಿಗಳಿಗೆ ಒಯ್ದು ಬಂದಳು. ಎರಡೂ ಕಡೆ ಆಗುವುದಿಲ್ಲ ಎಂದರು. ವೈನಿ ಇಂದಿಗೂ ನನಗೆ ಮೊದಲು ಬಡಿಸಿ ಆಮೇಲೆ ಊಟಕ್ಕೆ ಕೂಡುತ್ತಾರೆ. ತಟ್ಟೆಯ ಮುಂದೆ ಕುಳಿತಾಗ ಆ ಎರಡು ತೊದಲು ಮಾತುಗಳನ್ನು ನೆನಪಿಸಿಕೊಳ್ಳಲು ನೋಡುತ್ತೇನೆ. ನಾನು ಅಣಕಿಸಿದ್ದೇ ಕಿವಿಗೆ ಬರುತ್ತದೆ, ಅವನ ದನಿ ಬರುವುದಿಲ್ಲ. ಎರಡು ಸಲ ಹೇಳಿದ ಎಂಬುದಷ್ಟೇ ಗೊತ್ತು. ಅಣ್ಣ ಹೇಳಿದ್ದೇನು ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.